ಪಣಜಿಯಲ್ಲಿ ಸೆಕೆಂಡ್ ಶೋ

ಪರದೆಯ ಮೇಲೆ ನಾಯಕ ಹುಡುಗಿಯನ್ನು ಹೊತ್ತು ತಂದ,
ಅವಳ ಕೂದಲಿಂದ ನೀರು, ಹಿಂದೆ ಪಿಟೀಲು.
"ಸುಳ್ಳು," ಅಂದ ಉಮಾಕಾಂತ ಹರಿಕಂತ್ರ,
ಕಲಂಗುಟ್ ದಡದ ಲೈಫ್‌ಗಾರ್ಡ್, ನನ್ನ ಭಾವ.
ಮುಂದಿನ ಸಾಲು ತಿರುಗಿ ನೋಡಿತು.

"ಮುಳುಗುವವ ಹೀಂಗೆ ಮಲಗೂದಿಲ್ಲ ಮಾರಾಯ.
ಕುತ್ತಿಗೆಗೇ ಬೀಳ್ತಾನೆ. ಬಿಡಿಸ್ಕೊಳ್ಳೂಕೆ
ಗುದ್ದಬೇಕು. ಮುಖಕ್ಕೇ."

ಜೂನಿನ ಆ ಭಾನುವಾರ
ಕೆಂಪು ಬಾವುಟದಾಚೆ ಅಣ್ಣ, ತಮ್ಮ.
ಮರಳಲ್ಲಿ ಎರಡು ಜೊತೆ ಚಪ್ಪಲಿ.
ಸಂಜೆ ಒಂದು ಜೊತೆ ಅಲ್ಲೇ ಇತ್ತು.

ನಾಯಕ ಏಳು ನಿಮಿಷ ಅತ್ತ.
ಭಾವನಿಗೆ ಅವತ್ತು ಆರರ ತನಕ ಡ್ಯೂಟಿ.

ದೀಪ ಹೊತ್ತಿತು. ಪಾಪ್‌ಕಾರ್ನ್ ಗುಡಿಸುವವ ಬಂದ.
ಭಾವ ಏಳಲಿಲ್ಲ.
ಬಲಗೈಯನ್ನು ತೊಡೆಯಡಿ ಅದುಮಿಟ್ಟು ಕೂತಿದ್ದ,
ಬಿಟ್ಟರೆ ಅದು ಪರದೆಗೆ ಹೋಗಿ ಗುದ್ದೀತು ಎಂಬಂತೆ.
ಇಲ್ಲಾ, ಇನ್ನೂ ಯಾರನ್ನೋ ಹಿಡಿದುಕೊಂಡಿತ್ತೋ.