ಗರಗಸ ಬೇಡ, ಲುಡಿವಿನಾ

ನಾಲ್ಕು ಬೆರಳು ಕತ್ತರಿಸಿಕೊಡಿ ಎಂದೆಯಲ್ಲ,
ಪ್ಯಾಂಟಿನ ಕಾಲು ಮೊಟಕು ಮಾಡುವ ದರ್ಜಿಯೆ ನಾನು?
ಕೂತುಕೋ. ಸ್ಟೂಲಿನ ಹುಡಿ ಒರೆಸಿಕೋ, ಹಲಸಿನದು.
ಮಧ್ಯಾಹ್ನ ಈ ಮಕ್ತಾನ್ ದ್ವೀಪದಲ್ಲಿ
ನಮ್ಮ ರೆಪ್ಪೆ ಕೂಡ ಹಳದಿ.

ಗಿಟಾರು ಗಂಡನದು. ಗೊತ್ತು. ನಾನೇ ಮಾಡಿದ್ದು.
ಆಳು ಎತ್ತರ, ತೋಳು ದೋಣಿಯ ಹುಟ್ಟಿನಂತೆ,
ಎಡಗೈ ಚಾಚಿದರೆ ಐದು ಮೆಟ್ಟಿಲು ಒಂದೇ ಹಿಡಿತಕ್ಕೆ.
ಆರುನೂರ ಐವತ್ತು ಮಿಲಿಮೀಟರು, ಎಂದಿದ್ದ,
ಒಂದು ಕಡಿಮೆಯಾದರೂ ಒಲ್ಲೆ.
ಮುನ್ನೂರು ಪೆಸೊ ಬಾಕಿ ಉಳಿಸಿ ಹೋದ. ಇರಲಿ.

ಕೇಳು. ತಲೆಯ ಮೂಳೆಯಿಂದ ಕುದುರೆಯ ಮೂಳೆಯವರೆಗೆ
ತಂತಿ ನಡೆವ ಹಾದಿ ಇದು.
ಹಾದಿ ಉದ್ದವಾದಷ್ಟೂ ಅದೇ ಸ್ವರಕ್ಕೆ ಏರಲು
ಬಿರಡೆ ಇನ್ನಷ್ಟು ತಿರುಚಬೇಕು.
ಮೀಟಿದರೆ ಈಗಷ್ಟೇ ಎಳೆದ ಬಲೆಯ ಮೀನಿನ ಹೊಳಪು,
ಒತ್ತುವ ಬೆರಳಿಗೆ ಸುಂಕ.
ಗಿಡ್ಡ ಹಾದಿಯಲ್ಲಿ ತಂತಿ ಮೆದು, ಹೇಳಿದ ಮಾತು ಕೇಳುತ್ತದೆ,
ನಾದ ದುಂಡಗೆ, ಹಬೆಯಾಡುವ ಅನ್ನದ ಹಾಗೆ;
ಆದರೆ ಆರನೆಯ ತಂತಿ ತೀರ ಸಡಿಲಾಗಿ
ಸಿಟ್ಟಿನಲ್ಲಿ ಮೀಟಿದರೆ ಮೆಟ್ಟಿಲಿಗೆ ತಾಗಿ ಗೊರಗುಟ್ಟುತ್ತದೆ.
ಎರಡೂ ಬೇಕೆನ್ನುವವರು ಬರುತ್ತಾರೆ.
ಕಾಫಿ ಕೊಟ್ಟು ಕಳಿಸುತ್ತೇನೆ.

ಕತ್ತರಿಸಿದರೆ?
ಹತ್ತೊಂಬತ್ತು ಮೆಟ್ಟಿಲೂ ಸುಳ್ಳು ಹೇಳುತ್ತವೆ.
ಒಂದೊಂದೂ ಆ ಉದ್ದವನ್ನು ನಂಬಿ ಕೂತದ್ದು.

ಬೆರಳು ತೋರಿಸು.
ಬಲೆ ಹೆಣೆದ ಕೈ. ಗೆಣ್ಣು ಊದಿದೆ.
ಎಷ್ಟು ದಿನದಿಂದ ಒತ್ತುತ್ತಿದ್ದೀ? ಬೇಡ, ಹೇಳಬೇಡ.

ಇಗೋ ಈ ಚಿಮಟ, ರಬ್ಬರಿನ ಬಾಯಿಯದು,
ಮೊದಲ ಮೆಟ್ಟಿಲಿಗೆ ಕಚ್ಚಿಸುತ್ತೇನೆ.
ಆರೂ ಬಿರಡೆ ಅರ್ಧ ಸ್ವರ ಕೆಳಗೆ. ಹೀಗೆ. ಹೀಗೆ.
ಶ್ರುತಿ ಅದೇ. ಹಾದಿ ಮಾತ್ರ ಗಿಡ್ಡ,
ನೀ ಕೇಳಿದ ನಾಲ್ಕಲ್ಲ, ಎರಡೇ ಬೆರಳು,
ಅಷ್ಟಕ್ಕೇ ಬಿಗಿಯಲ್ಲಿ ಒಂಬತ್ತರಲ್ಲೊಂದು ಪಾಲು ಇಳಿಯಿತು.
ಮರಕ್ಕೆ ಗಾಯವಿಲ್ಲ.

ಒತ್ತು.
ಹೂಂ.
ಅವನ ದನಿಯಲ್ಲ ಇದು, ನಿನಗೂ ಗೊತ್ತಾಯಿತು.
ಇನ್ನೊಂದು ಸಲ ಒತ್ತು.

ಅಲ್ಲಿ, ಚಿಮಟದ ಆಚೆ, ತಲೆಯ ಮಗ್ಗುಲಲ್ಲಿ
ಎರಡು ಬೆರಳು ತಂತಿ ಉಳಿದಿದೆ ನೋಡು,
ಬಿಗಿದೇ ಇದೆ, ಯಾರೂ ನುಡಿಸುವುದಿಲ್ಲ.
ಅದು ಇದ್ದರೇನೇ ಇದು.

ಬಾಕಿ ಮುನ್ನೂರು, ಚಿಮಟಕ್ಕೆ ಎಂಬತ್ತು.
ತಿಂಗಳಿಗಿಷ್ಟು ಕೊಡು.
ಮೀನಾದರೂ ಸರಿ.