ಙ-ಗೆ ಚಿತ್ರವಿಲ್ಲ

ಮೂರು ಕಣ್ಣು ಕೊಟ್ಟಾಗಿತ್ತು, ಏಳು ಮೊಣಕಾಲು,
ನೀಲಿ ರಕ್ತ ಬೇಡವೆಂದು ನಾನೇ ಹೊಡೆದುಹಾಕಿದ್ದೆ.
ಉಳಿದದ್ದು ಮಾತು.
ಅಷ್ಟು ದೂರದಿಂದ ಇಳಿದು ಬಂದವರು
ಅಚ್ಚ ಮೈಸೂರು ಕನ್ನಡದಲ್ಲಿ "ಕಾಫಿ ಆಯ್ತಾ" ಅಂದರೆ
ಯಾರು ನಂಬುತ್ತಾರೆ ಕಾದಂಬರಿಯನ್ನ?

ಒಂದನೇ ಕ್ಲಾಸಿನ ಗೋಡೆಯ ಪಟ ನೆನಪಾಯಿತು.
ಅ-ಗೆ ಅರಸ, ಆ-ಗೆ ಆನೆ,
ಙ-ಗೆ ಏನೂ ಇಲ್ಲ.
ಞ-ಗೂ.
ಬಿಳಿ ಚೌಕದ ನಡುವೆ ಅಕ್ಷರ ಒಂದೇ,
ಊಟದ ಡಬ್ಬಿ ತರದ ಹುಡುಗನ ಹಾಗೆ.
"ಅದನ್ನ ಸುಮ್ನೆ ಹೇಳಿ ಮುಂದಕ್ಕೆ ಹೋಗಿ" ಎನ್ನುತ್ತಿದ್ದರು ರುದ್ರಾಣಮ್ಮ ಟೀಚರ್.
ನಾನು ಹೋಗಿರಲಿಲ್ಲ, ಅಷ್ಟೇ.

ಹಾಗಾಗಿ ಅವರ ಲೋಕದಲ್ಲಿ
ಙ ಎಂದರೆ ನೀರು.
ಙಙ, ಇನ್ನೊಬ್ಬರು ಕುಡಿದು ಮಿಕ್ಕಿದ ನೀರು.
ವಿಭಕ್ತಿ ಹನ್ನೊಂದು;
ಎಂಟನೆಯದು, ಈಗಿಲ್ಲದವರ ಕೈಯಿಂದ ಪಡೆದದ್ದಕ್ಕೆ.

ಮಂಡಿ ಮೊಹಲ್ಲಾದಲ್ಲಿ ಖಲಂದರ್ ಸಾಬರ ಪ್ರೆಸ್ಸು.
ಕೇಸಿನ ಕೊನೆಯ ಖಾನೆಯಲ್ಲಿ ೞ, ಱ
ಧೂಳು ಹೊದ್ದು ಮಲಗಿದ್ದವು.
"ಎಲ್ಲಿಗೆ ಹೋದ್ವು ಅಂತ ಎಲ್ರೂ ಕೇಳ್ತಾರೆ,
ಇಲ್ಲೇ ಇದ್ವಲ್ಲಮ್ಮ."
ಊದಿ, ಅಂಗಿಗೆ ಒರೆಸಿ, ನನ್ನ ಅಂಗೈಗೆ ಸುರಿದರು.
ತಣ್ಣಗಿನ ಸೀಸ, ಎಣಿಸಿದರೆ ಹದಿನಾಲ್ಕು ಮೊಳೆ.
ಕ್ರಿಯಾಪದಗಳಿಗೆ ಸಾಕು.

ಆಮೇಲೆ ಕನ್ನಡಕ ಹಣೆಗೇರಿಸಿ ಕೇಳಿದರು:
"ಇವರು ಬೈಯೋದು ಹೆಂಗೆ?"
ನನ್ನ ನಿಘಂಟಿನಲ್ಲಿ ನಾನೂರ ಹನ್ನೆರಡು ಪದ,
ಒಂದೂ ಬೈಗುಳವಿಲ್ಲ.
"ಸಂತೆಗೆ ಹೋಗಲ್ವಾ? ಚಪ್ಪಲಿ ಕಳೀಯಲ್ವಾ?
ರಾತ್ರಿಯೆಲ್ಲ ಅಳೋ ಕೂಸು ಒಂದೂ ಇಲ್ವಾ ಅವರ ಮನೇಲಿ?"

ಕರಡು ತಿದ್ದುವಾಗ ಕಂಡಿತು:
ಹದಿನೇಳನೇ ಪುಟದಿಂದ ಮುಂದೆ ಒಂದೂ ಙ ಇಲ್ಲ.
ಮೊಳೆ ಮುಗಿದಿತ್ತಂತೆ. ಇದ್ದದ್ದೇ ಒಂಬತ್ತು,
ಯಾರಿಗೆ ಬೇಕಾಗುತ್ತದೆಂದು ಎರಕ ಹೊಯ್ದಾರು?
ಕೆಂಪು ಶಾಯಿ ಹಿಡಿದು ಕೂತವಳಿಗೆ
ಮದ್ದೂರಿನ ಚಿಕ್ಕಮ್ಮನ ದನಿ:
"ಆಲು ಕುಡ್ಕಂಡು ಓಗವ್ವಾ."
ಜೀವಮಾನವಿಡೀ ಹ ನುಂಗಿದವಳು,
ಹಾಲು ಒಂದು ದಿನವೂ ತಪ್ಪಿಸಿದವಳಲ್ಲ.

ಪೆನ್ನಿಗೆ ಮುಚ್ಚಳ ಹಾಕಿದೆ.
ಹದಿನೇಳನೇ ಪುಟದಿಂದಾಚೆ ಇರುವುದು ಅವರ ಎರಡನೇ ಚಂದ್ರ.
ಅಲ್ಲಿನವರು ಙ ನುಂಗುತ್ತಾರೆ.
ಬಾಯಾರಿದರೆ ಬರೀ ಬಾಯಿ ತೆರೆದು ನಿಲ್ಲುತ್ತಾರೆ,
ಸದ್ದಿಲ್ಲ,
ಎದುರಿದ್ದವರು ಲೋಟ ತುಂಬಿಸುತ್ತಾರೆ.
ಮೊದಲನೇ ಚಂದ್ರದವರು ಅದನ್ನ ಆಡಿಕೊಂಡು ನಗುತ್ತಾರೆ,
ಬೈಗುಳ ಹುಟ್ಟಿದ್ದು ಅಲ್ಲಿ.

ಹೋಗಿ ಸಾಬರಿಗೆ ಹೇಳಿದೆ.
ಎರಡೂ ಕಿವಿ ಮುಚ್ಚಿಕೊಂಡರು, ತೌಬಾ ಎಂದರು,
ಬಾಗಿಲು ಸ್ವಲ್ಪ ಮುಂದೆ ಮಾಡಿ
ಇನ್ನೊಂದ್ಸಲ ಹೇಳಮ್ಮ ಎಂದರು.