ಮಹಾಗನಿ

‘ಪ್ಲೈವುಡ್ಡಿನ ಯುದ್ಧದೋಣಿ’ ಎನ್ನುತ್ತದೆ ಫಲಕ.
ಎನಿಡ್ ಟ್ರೆಲೋರ್, ತೊಂಬತ್ತೇಳು,
ಗಾಲಿಕುರ್ಚಿಯಿಂದಲೇ ಊರುಗೋಲೆತ್ತಿ ತಟ್ಟುತ್ತಾಳೆ:
ಟಕ್. ಕೇಳಿಸಿತೇ? ಮಹಾಗನಿ.
ಓರೆಯಾಗಿ ಒಂದು ಪದರ, ಮೇಲೊಂದು ಎದುರೋರೆ,
ನಡುವೆ ಎಣ್ಣೆ ಕುಡಿದ ಬಟ್ಟೆ.
ತಿರುಪು ಬಿಗಿದದ್ದು ಈ ಮಣಿಕಟ್ಟು,
ಆಗ ಇದಕ್ಕೆ ಹದಿನೇಳು.

ಗಾಸ್ಪೋರ್ಟಿನ ಈ ಶೆಡ್ಡಿನಲ್ಲಿ ನಾನು ಬಣ್ಣ ಕೆರೆಯುವವನು.
ಬಿಳಿಯ ಕೆಳಗೆ ಹಸಿರು, ಅದರಡಿ ಬೂದಿ.
ಯುದ್ಧ ಮುಗಿದ ಮೇಲೆ ಯಾರೋ ಇದರಲ್ಲಿ ಸಂಸಾರ ಹೂಡಿದ್ದರು;
ಟಾರ್ಪೆಡೊ ಇದ್ದಲ್ಲಿ
ತೊಟ್ಟಿಲ ಕೊಂಡಿ ಇನ್ನೂ ಇದೆ.

ಮೂರು ಹಡಗು ಮುಳುಗಿಸಿತಂತೆ. ಅಂತೆ, ಕಂತೆ.
ನೌಕೆಯ ದಿನಚರಿಯಲ್ಲಿ ಇರುವುದಿಷ್ಟು, ಪೆನ್ಸಿಲಿನಲ್ಲಿ:
ಮಂಜು. ಗುಂಡು ಹಾರಿಸಲಿಲ್ಲ.
ನೀರಿನಿಂದ ಎತ್ತಿದವರು ಹನ್ನೊಂದು, ಎಲ್ಲ ಆ ಕಡೆಯವರು.
ಒಬ್ಬ ಸತ್ತ. ಕೋಕೋ ಖಾಲಿ.

ಫಲಕ ತಿದ್ದೋಣವೆಂದರೆ
ಸಮಿತಿಯವರು ಗಡಿಯಾರ ನೋಡುತ್ತಾರೆ.
ಮೂರು ಹಡಗಿಗೆ ಟಿಕೆಟ್ಟು ಕೊಳ್ಳುವವರು
ಹನ್ನೊಂದು ಜನಕ್ಕೆ ಬರುತ್ತಾರೆಯೇ?

ಎನಿಡ್ ನಿದ್ದೆಹೋಗಿದ್ದಾಳೆ, ಅಂಗೈ ಹಲಗೆಯ ಮೇಲೆ.
ನಾನು ಫಲಕದ ನಾಲ್ಕೂ ತಿರುಪು ಬಿಚ್ಚಿ
ಜೇಬಿಗೆ ಹಾಕಿಕೊಳ್ಳುತ್ತೇನೆ.
ಹಿತ್ತಾಳೆಯವು. ದೋಣಿಗೆ ಬೇಕಾಗುತ್ತವೆ.